ಗೆರೆಗಳಲ್ಲಿ ಕಲನಶಾಸ್ತ್ರ

ಗಣಿತವೂ ಸಾಹಿತ್ಯವೂ ಎರಡು ದೂರದ ಊರುಗಳೆಂದು, ಒಂದರಲ್ಲಿ ಮನೆ ಮಾಡಿದವನಿಗೆ ಇನ್ನೊಂದರ ದಾರಿ ತಿಳಿದಿರಬೇಕಾಗಿಲ್ಲವೆಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಅದರಲ್ಲಿಯೂ ಕಾಲೇಜಿನ ಹುಡುಗರು ಕ್ಯಾಲ್ಕ್ಯುಲಸ್ ಎಂದು ಕರೆಯುವ ಕಲನಶಾಸ್ತ್ರದ ಹೆಸರು ಬಂದೊಡನೆ, ಕಾವ್ಯ ನಾಟಕಗಳನ್ನು ಓದಿ ಬೆಳೆದ ನಮ್ಮಂಥವರು ದೂರದಿಂದಲೇ ಕೈಮುಗಿದು ಸರಿದುಕೊಳ್ಳುವುದು ವಾಡಿಕೆ. ನಾನು ಕನ್ನಡ ಎಂ.ಎ. ಮಾಡಿ, ಕನ್ನಡವನ್ನೇ ಪಾಠ ಹೇಳಿ ನಿವೃತ್ತನಾದವನು. ಗಣಿತದ ಅಧಿಕಾರ ನನಗಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಗ್ರಾಫ್ ಹಾಳೆ, ಪೆನ್ಸಿಲು, ಅಡಿಕೋಲುಗಳನ್ನು ಮುಂದಿಟ್ಟುಕೊಂಡು ಈ ಶಾಸ್ತ್ರದ ಹೊಸ್ತಿಲು ದಾಟಿದ ಒಬ್ಬ ಓದುಗನಾಗಿ ಮಾತ್ರ ಈ ಹೊತ್ತು ಮಾತನಾಡುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು. ಈ ಶಾಸ್ತ್ರದ ಬುಡದಲ್ಲಿರುವವು ಎರಡೇ ಪ್ರಶ್ನೆಗಳು. ಎರಡಕ್ಕೂ ಉತ್ತರವನ್ನು ಚಿತ್ರದಲ್ಲಿ ಕಣ್ಣಾರೆ ಕಾಣಬಹುದು. ಒಮ್ಮೆ ಕಂಡವನು ದಿನಪತ್ರಿಕೆಯ ಅಂಕಿಗಳನ್ನು ಕೂಡ ಮೊದಲಿನಂತೆ ಓದಲಾರ. ಚಿತ್ರದ ವಿಷಯವನ್ನು ಬಾನುಲಿಯಲ್ಲಿ ಹೇಳಹೊರಡುವುದು ವಿಚಿತ್ರವೆಂದು ತೋರಬಹುದು. ಆದರೆ ಇನ್ನೊಬ್ಬರು ಬರೆದ ಚಿತ್ರವನ್ನು ನೋಡುವುದಕ್ಕಿಂತ ತಾವೇ ಗೆರೆ ಎಳೆಯುವುದು ಲೇಸು. ಆದ್ದರಿಂದ ಕೇಳುಗರು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೈಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಮೊದಲು ಹೆಸರಿನ ಮಾತು. ಕ್ಯಾಲ್ಕ್ಯುಲಸ್ ಎಂಬ ಲ್ಯಾಟಿನ್ ಶಬ್ದಕ್ಕೆ ಸಣ್ಣ ಹರಳುಕಲ್ಲು ಎಂದರ್ಥ; ಹರಳುಗಳನ್ನಿಟ್ಟು ಲೆಕ್ಕ ಹಾಕುತ್ತಿದ್ದ ಕಾಲದ ನೆನಪು ಅದರಲ್ಲಿದೆ. ಸಂಸ್ಕೃತದ ‘ಕಲನ’ಕ್ಕೂ ಎಣಿಸುವುದೆಂಬ ಅರ್ಥವುಂಟು. ನಮ್ಮ ಹಳೆಯ ಗಣಿತಗ್ರಂಥಗಳಲ್ಲಿ ಕೂಡುವುದಕ್ಕೆ ಸಂಕಲನ, ಕಳೆಯುವುದಕ್ಕೆ ವ್ಯವಕಲನ ಎಂದು ಹೆಸರು. ಕವಿತೆಗಳನ್ನು ಕೂಡಿಸಿಟ್ಟರೆ ಕವನಸಂಕಲನವಾಗುವುದು ಈ ಬಳಗದ ಮಾತಿನಿಂದಲೇ. ಕಲನಶಾಸ್ತ್ರದ ಎರಡು ಶಾಖೆಗಳಿಗೆ ಕನ್ನಡದಲ್ಲಿ ಅವಕಲನ, ಅನುಕಲನ ಎನ್ನುತ್ತಾರೆ. ಒಂದು ವಸ್ತು ಈ ಕ್ಷಣದಲ್ಲಿ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ಕೇಳುವುದು ಅವಕಲನ. ಕ್ಷಣಕ್ಷಣದ ಬದಲಾವಣೆಗಳೆಲ್ಲ ಕೂಡಿ ಒಟ್ಟು ಎಷ್ಟಾಯಿತು ಎಂದು ಕೇಳುವುದು ಅನುಕಲನ. ಹೆಸರುಗಳು ಬಿರುಸಾಗಿವೆಯೆಂದು ಹೆದರಬೇಕಾಗಿಲ್ಲ. ಚಿತ್ರದಲ್ಲಿ ಒಂದು ಗೆರೆಯ ಏರು, ಇನ್ನೊಂದು ಗೆರೆಯ ಅಡಿಯಲ್ಲಿರುವ ನೆಲ.

ಗೆರೆಯ ಏರು ಎಂದರೇನೆಂಬುದನ್ನು ರೈಲ್ವೆಯವರಿಂದ ಕಲಿಯಬಹುದು. ರೈಲುಗಳ ಓಡಾಟವನ್ನು ನಿಯಂತ್ರಿಸುವ ಕಚೇರಿಯಲ್ಲಿ ಪ್ರತಿ ಗಾಡಿಯ ಸಂಚಾರವನ್ನೂ ಒಂದು ಗ್ರಾಫಿನ ಮೇಲೆ ಗುರುತಿಸುತ್ತಾರೆ. ಹಿಂದೆ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಿಂದ ಎಳೆಯುತ್ತಿದ್ದ ಗೆರೆಗಳು ಈಗ ಕಂಪ್ಯೂಟರಿನ ತೆರೆಯ ಮೇಲೆ ಮೂಡುತ್ತವೆ. ನಿಮ್ಮ ಹಾಳೆಯ ಎಡಗಡೆ ಕೆಳಗಿನಿಂದ ಮೇಲಕ್ಕೆ ಬೆಂಗಳೂರು, ಕೆಂಗೇರಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು ಎಂದು ಅವುಗಳ ನಡುವಣ ದೂರಕ್ಕೆ ತಕ್ಕಂತೆ ಬರೆದುಕೊಳ್ಳಿ. ಅಡಿಯಲ್ಲಿ ಎಡದಿಂದ ಬಲಕ್ಕೆ ಗಂಟೆಗಳನ್ನು ಗುರುತಿಸಿ. ಬೆಂಗಳೂರಿನಿಂದ ಹೊರಟ ಗಾಡಿ ಈಗ ಮೇಲಕ್ಕೇರುವ ಗೆರೆಯಾಗುತ್ತದೆ. ಮೈಸೂರಿನಿಂದ ಬರುವುದು ಕೆಳಗಿಳಿಯುವ ಗೆರೆ. ಎಕ್ಸ್‌ಪ್ರೆಸ್ ಗಾಡಿಯದು ಕಡಿದಾದ ಏರು. ಪ್ಯಾಸೆಂಜರ್ ಗಾಡಿಯದು ಮೆಲ್ಲನೆಯ ಏರು. ಮಂಡ್ಯದಲ್ಲಿ ಗಾಡಿ ನಿಂತರೆ ಗೆರೆ ಅಷ್ಟು ಹೊತ್ತು ಅಡ್ಡವಾಗಿ ಮಲಗುತ್ತದೆ, ಏಕೆಂದರೆ ಕಾಲ ಸರಿಯುತ್ತದೆ, ದೂರ ಸರಿಯುವುದಿಲ್ಲ. ಎರಡು ಗೆರೆಗಳು ಕೂಡುವಲ್ಲಿ ಎರಡು ಗಾಡಿಗಳು ಎದುರಾಗುತ್ತವೆ. ಗೆರೆಯ ಏರೇ ಗಾಡಿಯ ವೇಗ. ಒಂದು ಗಂಟೆಯ ಅಡ್ಡಳತೆಯಲ್ಲಿ ಗೆರೆ 60 ಕಿಲೋಮೀಟರ್ ಏರಿದರೆ ವೇಗ ಗಂಟೆಗೆ 60 ಕಿಲೋಮೀಟರ್. ಇಷ್ಟು ತಿಳಿದರೆ ಅವಕಲನದ ಅರ್ಧ ದಾರಿ ನಡೆದಂತಾಯಿತು.

ಉಳಿದರ್ಧದಲ್ಲಿ ಒಂದು ತೊಡಕುಂಟು. ನಿಜವಾದ ಗಾಡಿ ನಿಲ್ದಾಣ ಬಿಡುವಾಗ ಮೆಲ್ಲಗೆ ಹೊರಟು ಬರಬರುತ್ತ ವೇಗ ಕೂಡಿಸಿಕೊಳ್ಳುತ್ತದೆ. ಅದರ ಗೆರೆಯನ್ನು ಹತ್ತಿರದಿಂದ ನೋಡಿದರೆ ಮೊದಲು ಚಪ್ಪಟೆಯಾಗಿದ್ದು ಕ್ರಮವಾಗಿ ಮೇಲಕ್ಕೆ ಬಾಗಿದ ವಕ್ರರೇಖೆಯಾಗಿರುತ್ತದೆ. ಹಾಗಾದರೆ ಸರಿಯಾಗಿ ಎಂಟು ಗಂಟೆ ಹತ್ತು ನಿಮಿಷದ ಆ ಒಂದು ಕ್ಷಣದಲ್ಲಿ ಗಾಡಿಯ ವೇಗವೆಷ್ಟು? ವೇಗವೆಂದರೆ ಸಾಗಿದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದ್ದು. ಒಂದು ಕ್ಷಣದಲ್ಲಿ ಕಾಲವೂ ಸೊನ್ನೆ, ದೂರವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಅರ್ಥವಿಲ್ಲ. ಮಾತಿನಲ್ಲಿ ಹೀಗೆ ಸಿಕ್ಕಿಕೊಂಡ ಪ್ರಶ್ನೆ ಚಿತ್ರದಲ್ಲಿ ಬಿಡಿಸಿಕೊಳ್ಳುತ್ತದೆ. ವಕ್ರರೇಖೆಯ ಮೇಲೆ ಆ ಕ್ಷಣದ ಚುಕ್ಕೆಯನ್ನಿಡಿ. ಸ್ವಲ್ಪ ಮುಂದೆ ಇನ್ನೊಂದು ಚುಕ್ಕೆಯನ್ನಿಟ್ಟು ಎರಡಕ್ಕೂ ತಾಗುವಂತೆ ಅಡಿಕೋಲನ್ನಿಡಿ. ಈಗ ಎರಡನೆಯ ಚುಕ್ಕೆಯನ್ನು ಮೊದಲನೆಯದರ ಕಡೆಗೆ ಮೆಲ್ಲಮೆಲ್ಲನೆ ಸರಿಸುತ್ತ ಬನ್ನಿ. ಅಡಿಕೋಲು ಮೊದಲನೆಯ ಚುಕ್ಕೆಯ ಸುತ್ತ ಕೊಂಚಕೊಂಚವಾಗಿ ತಿರುಗುತ್ತದೆ; ಚುಕ್ಕೆಗಳು ಸಮೀಪಿಸಿದಂತೆಲ್ಲ ತಿರುಗುವಿಕೆ ಕಡಿಮೆಯಾಗುತ್ತ, ಕೊನೆಗೆ ವಕ್ರರೇಖೆಯ ಮೈಯನ್ನು ಸವರುವ ಒಂದು ನಿಲುವಿಗೆ ಬಂದು ಮುಟ್ಟುತ್ತದೆ. ಅದೇ ಸ್ಪರ್ಶರೇಖೆ. ಅದರ ಏರೇ ಆ ಕ್ಷಣದ ವೇಗ. ಇನ್ನೊಂದು ಬಗೆಯಾಗಿಯೂ ಹೇಳಬಹುದು. ಗುಂಡಗಿರುವ ಭೂಮಿ ಅದರ ಮೇಲೆ ನಿಂತ ನಮಗೆ ಚಪ್ಪಟೆಯಾಗಿ ಕಾಣುವಂತೆ, ನಯವಾದ ವಕ್ರರೇಖೆಯ ತುಣುಕೊಂದನ್ನು ಭೂತಗನ್ನಡಿಯಲ್ಲಿ ಹಿಗ್ಗಿಸುತ್ತ ಹೋದರೆ ಅದು ಸರಳರೇಖೆಯಂತೆಯೇ ಕಾಣುತ್ತದೆ. ಆ ಸರಳರೇಖೆಯ ಏರನ್ನು ಅಳೆದರೆ ಸಾಕು.

ಇದಕ್ಕೆ ಲೆಕ್ಕದ ಒಂದು ಉದಾಹರಣೆ ಬೇಕು. ಪ್ರತಿ ಬದಿಯೂ 10 ಅಡಿಯಿರುವ ಚೌಕದ ಅಂಗಳವೊಂದನ್ನು ಬರೆಯಿರಿ. ಅದರ ವಿಸ್ತೀರ್ಣ 100 ಚದರಡಿ. ಬದಿಯನ್ನು ಒಂದೊಂದು ಅಡಿ ಬೆಳೆಸಿದರೆ 11 ಅಡಿಯ ಚೌಕವಾಗಿ, ವಿಸ್ತೀರ್ಣ 121 ಚದರಡಿಯಾಗುತ್ತದೆ. ಹೆಚ್ಚಿದ 21 ಚದರಡಿ ಎಲ್ಲಿಂದ ಬಂತು? ಚಿತ್ರವನ್ನು ನೋಡಿ: ಬಲಗಡೆ 10 ಅಡಿಯ ಒಂದು ಪಟ್ಟಿ, ಮೇಲ್ಗಡೆ 10 ಅಡಿಯ ಇನ್ನೊಂದು ಪಟ್ಟಿ, ಅವೆರಡರ ನಡುವೆ ಮೂಲೆಯಲ್ಲಿ ಒಂದು ಚದರಡಿಯ ಪುಟ್ಟ ಚೌಕ. ಈಗ ಒಂದಡಿಗೆ ಬದಲು ಅಡಿಯ ಹತ್ತನೆಯ ಒಂದು ಭಾಗವನ್ನು ಮಾತ್ರ ಬೆಳೆಸಿ. ವಿಸ್ತೀರ್ಣ 102.01 ಚದರಡಿ, ಹೆಚ್ಚಿದ್ದು 2.01, ಅಡಿಯೊಂದಕ್ಕೆ 20.1ರಂತೆ. ನೂರನೆಯ ಒಂದು ಭಾಗ ಬೆಳೆಸಿದರೆ ಅಡಿಯೊಂದಕ್ಕೆ 20.01ರಂತೆ. ಪಟ್ಟಿಗಳು ತೆಳುವಾದಂತೆಲ್ಲ ಮೂಲೆಯ ಚೌಕ ಅವುಗಳಿಗಿಂತಲೂ ಬೇಗ ಕರಗಿಹೋಗಿ, ದರ 20ರ ಕಡೆಗೆ ಸಾಗುತ್ತದೆ. ಇಪ್ಪತ್ತೆಂದರೆ ಹತ್ತರ ಎರಡರಷ್ಟು. ಎಕ್ಸ್ ವರ್ಗದ ಅವಕಲನ ಎರಡು ಎಕ್ಸ್ ಎಂದು ಪಿಯುಸಿ ಹುಡುಗರು ಉರು ಹೊಡೆಯುವ ಸೂತ್ರ ಇದೇ. ಆ ‘ಎರಡು’ ಎಲ್ಲಿಂದ ಬಂತೆಂದು ಕೇಳಿದರೆ ತಡವರಿಸುವವರು ಬಹಳ. ಚಿತ್ರ ಬರೆದವನು ತಡವರಿಸುವುದಿಲ್ಲ. ಪಟ್ಟಿಗಳು ಎರಡಿವೆ, ಆದ್ದರಿಂದ ಎರಡು.

ಕ್ಷಣದ ವೇಗವೆಂಬ ಕಲ್ಪನೆ ನಮ್ಮವರಿಗೆ ಹೊಸದಾಗಿರಲಿಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ಮುಗಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ತಾತ್ಕಾಲಿಕ ಗತಿಯ ವಿಚಾರವನ್ನು ಎತ್ತಿದ್ದಾನೆ. ಅವನ ಊರಾದ ವಿಜ್ಜಡವಿಡ ನಮ್ಮ ವಿಜಾಪುರವೆಂದು ಕೆಲವರೂ ಖಾನದೇಶದ ಕಡೆಯದೆಂದು ಕೆಲವರೂ ವಾದಿಸುವುದುಂಟು, ಅದಿರಲಿ. ಚಂದ್ರನ ನಡೆ ಗಳಿಗೆ ಗಳಿಗೆಗೂ ಬದಲಾಗುವುದರಿಂದ ತಿಥಿಯ ಕೊನೆಯನ್ನು ಸರಿಯಾಗಿ ಹೇಳಬೇಕಾದರೆ ಇಡೀ ದಿನದ ಗತಿ ಸಾಲದು, ಆ ಹೊತ್ತಿನ ಗತಿಯೇ ಬೇಕು ಎಂಬುದು ಅವನ ವಿಚಾರ. ಗ್ರಹದ ಮಧ್ಯಮ ಸ್ಥಾನಕ್ಕೂ ಸ್ಪಷ್ಟ ಸ್ಥಾನಕ್ಕೂ ಇರುವ ಅಂತರ ಎಲ್ಲಿ ಪರಮಾವಧಿಯಾಗುವುದೋ ಅಲ್ಲಿ ಅದರ ಸ್ಪಷ್ಟಗತಿ ಮಧ್ಯಮಗತಿಗೆ ಸಮನಾಗಿರುತ್ತದೆ ಎಂದೂ ಅವನು ಹೇಳುತ್ತಾನೆ. ಗೆರೆಯ ಮಾತಿನಲ್ಲಿ ಹೇಳಿದರೆ, ಅಂತರದ ವಕ್ರರೇಖೆ ತನ್ನ ನೆತ್ತಿಯನ್ನು ಮುಟ್ಟಿದಾಗ ಏರೂ ಇಲ್ಲ, ಇಳಿತವೂ ಇಲ್ಲ. ಅಲ್ಲಿ ಸ್ಪರ್ಶರೇಖೆ ಅಡ್ಡಲಾಗಿ ಮಲಗಿರುತ್ತದೆ. ಪಂಚಾಂಗದ ಅಗತ್ಯ ಈ ಸೂಕ್ಷ್ಮವನ್ನು ಕಾಣಿಸಿತು.

ಇನ್ನು ಎರಡನೆಯ ಪ್ರಶ್ನೆ, ಗೆರೆಯ ಅಡಿಯ ನೆಲ. ಸುಮಾರು 1350ರ ವೇಳೆಗೆ ಫ್ರಾನ್ಸಿನಲ್ಲಿ ನಿಕೋಲ್ ಒರೇಮ್ ಎಂಬ ವಿದ್ವಾಂಸನಿದ್ದ. ಮುಂದೆ ಬಿಷಪ್ ಪದವಿಗೇರಿದವನು. ಬದಲಾಗುವ ಗುಣವನ್ನು ಚಿತ್ರದಲ್ಲಿ ತೋರಿಸುವ ಉಪಾಯವನ್ನು ಅವನು ಬಹಳ ಸರಳವಾಗಿ ಮುಂದಿಟ್ಟ. ಕಾಲವನ್ನು ಅಡ್ಡಗೆರೆಯ ಮೇಲೆ ಹಾಸು, ಆಯಾ ಕ್ಷಣದ ವೇಗವನ್ನು ಅದರ ಮೇಲೆ ನೇರವಾದ ಕಂಬಗಳಂತೆ ನಿಲ್ಲಿಸು, ಆಗ ಕಂಬಗಳು ತುಂಬಿದ ವಿಸ್ತೀರ್ಣವೇ ಸಾಗಿದ ದೂರ. ರೈಲಿನ ಗ್ರಾಫಿನಲ್ಲಿ ಮೇಲಕ್ಕೆ ಗುರುತಿಸಿದ್ದು ದೂರವನ್ನು. ಇಲ್ಲಿ ಗುರುತಿಸುವುದು ವೇಗವನ್ನು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಿಂತಿದ್ದ ಬಸ್ಸೊಂದು ಒಂದೇ ಸಮನಾಗಿ ವೇಗ ಹೆಚ್ಚಿಸಿಕೊಳ್ಳುತ್ತ ಒಂದು ನಿಮಿಷದಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗವನ್ನು ಮುಟ್ಟಿತೆನ್ನಿ. ಗಂಟೆಗೆ 60 ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಆ ನಿಮಿಷವೆಲ್ಲ ಅದೇ ಪೂರ್ಣವೇಗದಲ್ಲಿ ಓಡಿದ್ದರೆ ಚಿತ್ರ ಒಂದು ಆಯತ. ದೂರ ಒಂದು ಕಿಲೋಮೀಟರ್. ಆದರೆ ವೇಗ ಸೊನ್ನೆಯಿಂದ ಏರುತ್ತ ಬಂದುದರಿಂದ ಕಂಬಗಳ ತುದಿಗಳು ಓರೆಗೆರೆಯಾಗಿ, ಆಯತದ ಮೂಲೆಯಿಂದ ಮೂಲೆಗೆ ಕತ್ತರಿಸಿದಂತೆ ತ್ರಿಕೋನ ಉಳಿಯುತ್ತದೆ. ತ್ರಿಕೋನ ಆಯತದ ಅರ್ಧ. ಹಾಗಾಗಿ ಬಸ್ಸು ಸಾಗಿದ್ದು ಅರ್ಧ ಕಿಲೋಮೀಟರ್. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಒರೇಮನಿಗಿಂತ ತುಸು ಮುಂಚೆ ಈ ತತ್ತ್ವವನ್ನು ಮಾತಿನಲ್ಲಿ ಕಷ್ಟಪಟ್ಟು ವಾದಿಸಿದ್ದರು. ಚಿತ್ರ ಅದನ್ನು ಒಂದು ನೋಟಕ್ಕೆ ಇಳಿಸಿತು.

ಇದೇ ತ್ರಿಕೋನದ ಅಡಿಗೆರೆಯನ್ನು ನಾಲ್ಕು ಸಮಪಾಲು ಮಾಡಿ ನೇರಗೆರೆಗಳನ್ನೆಬ್ಬಿಸಿ. ಮೊದಲ ಪಾಲಿನಲ್ಲಿ ಒಂದು ಪುಟ್ಟ ತ್ರಿಕೋನವಿದ್ದರೆ ಎರಡನೆಯದರಲ್ಲಿ ಅಂಥವು ಮೂರು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು. ಎತ್ತರದಿಂದ ಬಿದ್ದ ಕಲ್ಲು ಮೊದಲ ಸಮಾನ ಅವಧಿಯಲ್ಲಿ ಒಂದು ಪಾಲು ಇಳಿದರೆ ಮುಂದಿನವುಗಳಲ್ಲಿ ಮೂರು, ಐದು, ಏಳು ಪಾಲು ಇಳಿಯುತ್ತದೆ ಎಂಬ ಗೆಲಿಲಿಯೋನ ನಿಯಮ ಇದೇ. 1638ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒರೇಮನ ತ್ರಿಕೋನದಂಥದೇ ಚಿತ್ರವಿದೆ. ಮೂರು ಶತಮಾನದ ಅಂತರದಲ್ಲಿ ಒಂದೇ ಆಕೃತಿ ಎರಡು ಸಲ ಕೆಲಸಕ್ಕೆ ಬಂದಿತು.

ಕಂಬಗಳ ತುದಿ ನೇರವಾಗಿರದೆ ಬಾಗಿದ್ದರೆ ಹೇಗೆ? ಆಗ ನೆಲವನ್ನು ತೆಳುವಾದ ಪಟ್ಟಿಗಳಾಗಿ ಸೀಳಬೇಕು. ಪ್ರತಿ ಪಟ್ಟಿಯನ್ನೂ ಆಯತವೆಂದೇ ಎಣಿಸಿ ಕೂಡಿಸಿದರೆ ಅಂಚಿನಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆಯಾದೀತು. ಪಟ್ಟಿಗಳು ತೆಳುವಾದಷ್ಟೂ ಆ ಹೆಚ್ಚುಕಡಿಮೆ ಕರಗುತ್ತದೆ. ಹೀಗೆ ಸೀಳಿ ಕೂಡಿಸುವ ಕೌಶಲವೂ ನಮ್ಮಲ್ಲಿತ್ತು. ಭಾಸ್ಕರನು ಗೋಳದ ಮೈಯನ್ನು ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ಹೋಳುಹೋಳಾಗಿ ವಿಂಗಡಿಸಿ ಅದರ ವಿಸ್ತೀರ್ಣವನ್ನು ಸಾಧಿಸಿದ. ‘ಲೀಲಾವತಿ’ಗೆ 1545ರಲ್ಲಿ ‘ಬುದ್ಧಿವಿಲಾಸಿನೀ’ ಎಂಬ ವ್ಯಾಖ್ಯಾನ ಬರೆದ ಗಣೇಶ ದೈವಜ್ಞನು ವೃತ್ತವನ್ನು ಎರಡು ಅರ್ಧ ಮಾಡಿ, ಪ್ರತಿ ಅರ್ಧವನ್ನೂ ಮೊನಚಾದ ಹೋಳುಗಳಾಗಿ ಸೀಳಿ, ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿದಂತೆ ಕೂಡಿಸುವ ಬಗೆಯನ್ನು ವಿವರಿಸಿದ್ದಾನೆ. ಹೋಳುಗಳು ಸಣ್ಣವಾದಂತೆ ಅದು ಆಯತವಾಗುತ್ತದೆ. ಅದರ ಉದ್ದ ಅರ್ಧ ಪರಿಧಿ, ಅಗಲ ಅರ್ಧ ವ್ಯಾಸ. ಒಂದು ರೊಟ್ಟಿಯನ್ನು ಕತ್ತರಿಸಿ ಯಾರಾದರೂ ಇದನ್ನು ಮನೆಯಲ್ಲಿ ಮಾಡಿ ನೋಡಬಹುದು.

ಏರು ಒಂದು, ನೆಲ ಒಂದು. ಇವೆರಡಕ್ಕೂ ಏನು ಸಂಬಂಧ? ಕಲನಶಾಸ್ತ್ರದ ಹೃದಯವಿರುವುದು ಇಲ್ಲಿ. ಏರುತಗ್ಗಾದ ಕಾಂಪೌಂಡ್ ಗೋಡೆಯೊಂದಕ್ಕೆ ಒಬ್ಬನು ಎಡದಿಂದ ಬಲಕ್ಕೆ ಸುಣ್ಣ ಬಳಿಯುತ್ತ ಹೋಗುತ್ತಿದ್ದಾನೆ. ಅವನು ಬಳಿದ ವಿಸ್ತೀರ್ಣ ಹೆಜ್ಜೆಹೆಜ್ಜೆಗೂ ಬೆಳೆಯುತ್ತಿದೆ. ಯಾವ ದರದಲ್ಲಿ ಬೆಳೆಯುತ್ತಿದೆ? ಗೋಡೆ ಎತ್ತರವಾಗಿರುವಲ್ಲಿ ಒಂದು ಹೆಜ್ಜೆಗೆ ಹೆಚ್ಚು ಸುಣ್ಣ, ಗಿಡ್ಡವಾಗಿರುವಲ್ಲಿ ಕಡಿಮೆ. ಎಂದರೆ, ಬಳಿದ ನೆಲ ಬೆಳೆಯುವ ದರ ಆ ಜಾಗದ ಗೋಡೆಯ ಎತ್ತರಕ್ಕೆ ಸಮ. ನೆಲದ ಮೊತ್ತವನ್ನು ಬೇರೊಂದು ಗ್ರಾಫಿನಲ್ಲಿ ಗೆರೆಯಾಗಿ ಬರೆದರೆ, ಆ ಗೆರೆಯ ಏರು ಮೊದಲಿನ ಗೆರೆಯ ಎತ್ತರವೇ ಆಗಿರುತ್ತದೆ. ಕೂಡಿಸುವುದೂ ಏರನ್ನು ಅಳೆಯುವುದೂ ಒಂದೇ ದಾರಿಯಲ್ಲಿ ಹೋಗುವುದು ಮತ್ತು ಬರುವುದು. ಐಸಾಕ್ ಬ್ಯಾರೋ 1670ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಇದನ್ನು ರೇಖಾಗಣಿತದ ಚಿತ್ರದಿಂದ ಸಾಧಿಸಿ ತೋರಿಸಿದ. ನ್ಯೂಟನ್ ಮತ್ತು ಲೈಬ್ನಿಟ್ಸ್ ಬೇರೆ ಬೇರೆಯಾಗಿ ಇದನ್ನು ಎಲ್ಲ ಬಗೆಯ ವಕ್ರರೇಖೆಗಳಿಗೂ ಅನ್ವಯಿಸುವ ಒಂದು ಸಾಮಾನ್ಯ ವಿಧಾನವನ್ನಾಗಿ ಬೆಳೆಸಿದರು. ಭಾಸ್ಕರನಲ್ಲಿಯೂ ಕೇರಳದ ಗಣಿತಜ್ಞರಲ್ಲಿಯೂ ಈ ವಿದ್ಯೆಯ ಅಂಗಗಳು ಕಾಣುತ್ತವೆ; ಅಂಗಗಳೆಲ್ಲ ಕೂಡಿ ಒಂದು ದೇಹವಾದದ್ದು 17ನೆಯ ಶತಮಾನದ ಯೂರೋಪಿನಲ್ಲಿ. ಎರಡನ್ನೂ ಒಪ್ಪಿಕೊಳ್ಳುವುದು ನ್ಯಾಯ. ಅನುಕಲನದ ಚಿಹ್ನೆಯಾಗಿ ಇಂದಿಗೂ ಬಳಸುವ ಉದ್ದನೆಯ ಕೊಕ್ಕೆಯಂಥ ಗುರುತನ್ನು ಲೈಬ್ನಿಟ್ಸ್ 1675ರಲ್ಲಿ ಬಳಕೆಗೆ ತಂದ. ಅದು ಮೊತ್ತವೆಂಬ ಅರ್ಥದ ಲ್ಯಾಟಿನ್ ಶಬ್ದದ ಮೊದಲಕ್ಷರ, ತುಸು ಎಳೆದು ನೀಳಮಾಡಿದ್ದು, ಅಷ್ಟೇ.

ಇಷ್ಟಾಗಿ ಇದರಿಂದ ನಮಗೇನು ಎಂದು ಕೇಳಬಹುದು. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಕೃಷ್ಣರಾಜಸಾಗರದ ಅಂಕಿಗಳನ್ನು ಕೊಡುತ್ತವೆ: ನೀರಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿ.ಎಂ.ಸಿ. ಗರಿಷ್ಠ ಮಟ್ಟ 124.80 ಅಡಿ, ಆಗಿನ ಸಂಗ್ರಹ ಸುಮಾರು 49.45 ಟಿ.ಎಂ.ಸಿ. ಎಂಬುದು ನಮ್ಮ ಭಾಗದ ರೈತರಿಗೆ ಬಾಯಿಪಾಠ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅದು ದರ. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅದು ಮೊತ್ತ. ಒಂದು ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಎಡೆಬಿಡದೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಒಳಹರಿವಿನ ಗ್ರಾಫ್ ಬರೆದರೆ ಅದರ ಅಡಿಯ ನೆಲವೇ ಬಂದು ಸೇರಿದ ನೀರು. ಸಂಗ್ರಹದ ಗ್ರಾಫ್ ಬರೆದರೆ ಅದರ ಏರೇ ಒಳಹರಿವಿನಲ್ಲಿ ಹೊರಹರಿವನ್ನು ಕಳೆದ ಉಳಿಕೆ. ಅವಕಲನ ಅನುಕಲನಗಳು ಪತ್ರಿಕೆಯ ಒಂದು ಮೂಲೆಯಲ್ಲಿ ದಿನವೂ ಅಚ್ಚಾಗುತ್ತಿವೆ.

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಹೊರಹರಿವು ದಿನವೂ 5,000 ಕ್ಯೂಸೆಕ್ ಇರಲಿ. ಒಳಹರಿವು ಮೊದಲ ದಿನ 40,000, ಎರಡನೆಯ ದಿನ 30,000, ಮೂರನೆಯ ದಿನ 20,000 ಎನ್ನಿ. ಒಳಹರಿವು ಅರ್ಧಕ್ಕಿಳಿಯಿತೆಂಬ ಸುದ್ದಿ ಓದಿದವನು ಕಟ್ಟೆ ಬರಿದಾಗುತ್ತಿದೆಯೆಂದು ಕಳವಳಪಟ್ಟರೆ ಆಶ್ಚರ್ಯವಿಲ್ಲ. ಆದರೆ ಆ ಮೂರು ದಿನಗಳಲ್ಲಿ ಸಂಗ್ರಹ ಕ್ರಮವಾಗಿ 3.02, 2.16, 1.30 ಟಿ.ಎಂ.ಸಿ.ಯಂತೆ ಹೆಚ್ಚುತ್ತಲೇ ಇದೆ. ಗೆರೆ ಏರುತ್ತಿದೆ, ಅದರ ಏರು ಮಾತ್ರ ಮೆಲ್ಲಗಾಗಿದೆ. ಒಳಹರಿವು ಹೊರಹರಿವಿಗೆ ಸಮನಾದ ದಿನ ಗೆರೆ ನೆತ್ತಿಯನ್ನು ಮುಟ್ಟುತ್ತದೆ. ಇಳಿಮುಖವಾಗುವುದು ಆಮೇಲೆ. ಭಾಸ್ಕರನು ಗ್ರಹದಲ್ಲಿ ಕಂಡದ್ದೇ ಇಲ್ಲಿ ನೀರಿನಲ್ಲಿ ಕಾಣುತ್ತದೆ.

ದರಕ್ಕೂ ಮೊತ್ತಕ್ಕೂ ಇರುವ ಈ ಭೇದವನ್ನು ಮರೆತರೆ ಮೋಸಹೋಗುವ ಸಂದರ್ಭಗಳು ಹೆಜ್ಜೆಹೆಜ್ಜೆಗೂ ಇವೆ. ಹಣದುಬ್ಬರ ಶೇಕಡ 6ರಿಂದ 4ಕ್ಕೆ ಇಳಿಯಿತೆಂಬ ಮಾತನ್ನು ಬೆಲೆ ಇಳಿಯಿತೆಂದು ಕೇಳಿಸಿಕೊಳ್ಳುವವರುಂಟು. ಹಾಗೆ ಕೇಳಿಸಲೆಂದೇ ಹೇಳುವವರೂ ಉಂಟು. ನೂರು ರೂಪಾಯಿಯ ಸಾಮಾನು ಮೊದಲ ವರ್ಷ 106 ಆಗಿ, ಮರುವರ್ಷ 110 ರೂಪಾಯಿ 24 ಪೈಸೆ ಆಗುತ್ತದೆ. ಬೆಲೆ ಏರಿದೆ; ಇಳಿದದ್ದು ಏರಿನ ಕಡಿದು ಮಾತ್ರ. 2020ರಲ್ಲಿ ಕೊರೋನಾ ಹರಡಿದಾಗ ಮನೆಮನೆಯಲ್ಲಿಯೂ ಜನ ಗ್ರಾಫ್ ನೋಡುವಂತಾಯಿತು. ಅಂದಿನವರೆಗಿನ ಒಟ್ಟು ಸೋಂಕಿತರ ಗೆರೆ ಸ್ವಭಾವತಃ ಎಂದಿಗೂ ಇಳಿಯಲಾರದು. ನೋಡಬೇಕಾಗಿದ್ದುದು ಅದರ ಎತ್ತರವನ್ನಲ್ಲ, ಬಾಗನ್ನು. ಅಕ್ಷರ ಬಲ್ಲವನೂ ಈ ಓದನ್ನು ಕಲಿಯದಿದ್ದರೆ, ಅಂಕಿಗಳ ಮುಂದೆ ಅನಕ್ಷರಸ್ಥನಂತೆ ಇನ್ನೊಬ್ಬರ ಮಾತನ್ನು ನಂಬಿ ನಿಲ್ಲಬೇಕಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಈ ಓದು ಪರಕೀಯವಾಗಬೇಕಾಗಿಲ್ಲ. ಮಾತಿನ ಮೇಲ್ಮೈಯ ಅರ್ಥದಲ್ಲಿಯೇ ನಿಲ್ಲಬೇಡ, ಅದು ಏನನ್ನು ಧ್ವನಿಸುತ್ತದೆಂದು ನೋಡು ಎಂದು ನಮ್ಮ ಆಲಂಕಾರಿಕರು ಕಲಿಸಿದರು. ಗೆರೆಗೂ ಹಾಗೆ ವಾಚ್ಯವೊಂದು, ಧ್ವನಿಯೊಂದು ಉಂಟೆನ್ನಬಹುದು. ಅದರ ಎತ್ತರ ವಾಚ್ಯ. ಈಗ ಎಷ್ಟಿದೆ ಎಂದು ಹೇಳುತ್ತದೆ. ಅದರ ಏರು ಮತ್ತು ಬಾಗು, ಮುಂದೆ ಎತ್ತ ಹೋಗುತ್ತಿದೆ ಎಂಬುದನ್ನು ಸೂಚಿಸುತ್ತವೆ. ಪದ್ಯವನ್ನು ಅನ್ವಯ ಮಾಡಿಕೊಂಡು ಓದಬಲ್ಲವರಿಗೆ ಗ್ರಾಫನ್ನು ಓದುವ ತಾಳ್ಮೆ ಇದ್ದೇ ಇರುತ್ತದೆ.

ಚಿತ್ರದ ಮಹಿಮೆಯನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳುವುದು ಧರ್ಮ. ಪೆನ್ಸಿಲಿನ ಗೆರೆಗೆ ದಪ್ಪವಿದೆ. ಗಣಿತದ ಗೆರೆಗೆ ಇಲ್ಲ. 1872ರಲ್ಲಿ ಜರ್ಮನಿಯ ವೈಯರ್ಸ್ಟ್ರಾಸ್ ಎಂಬ ಗಣಿತಜ್ಞ ವಿದ್ವಾಂಸರ ಮುಂದೆ ಒಂದು ವಿಚಿತ್ರವಾದ ವಕ್ರರೇಖೆಯನ್ನು ಸೂತ್ರರೂಪದಲ್ಲಿ ಮಂಡಿಸಿದ. ಅದು ಎಲ್ಲಿಯೂ ಕಡಿದುಹೋಗುವುದಿಲ್ಲ. ಆದರೂ ಅದರ ಯಾವ ಬಿಂದುವಿನಲ್ಲಿಯೂ ಸ್ಪರ್ಶರೇಖೆಯನ್ನು ಎಳೆಯಲಾಗದು. ಭೂತಗನ್ನಡಿಯಲ್ಲಿ ಎಷ್ಟು ಹಿಗ್ಗಿಸಿದರೂ ಅದು ಸರಳವಾಗದೆ ಹೊಸಹೊಸ ಹಲ್ಲುಗಳನ್ನು ತೋರಿಸುತ್ತಲೇ ಇರುತ್ತದೆ. ಇಂಥದನ್ನು ಯಾವ ಕೈಯೂ ಬರೆಯಲಾರದು. ಹೀಗೆ ಕಣ್ಣು ಸೋಲುವಲ್ಲಿ ಸಂಕೇತಗಳೂ ಕಟ್ಟುನಿಟ್ಟಾದ ತರ್ಕವೂ ಕೈಹಿಡಿಯುತ್ತವೆ. ಚಿತ್ರವೇ ಸಾಕು, ಸೂತ್ರ ಬೇಡ ಎಂಬುದು ನನ್ನ ವಾದವಲ್ಲ. ಮೊದಲು ಕಾಣಲಿ, ಆಮೇಲೆ ಸಾಧಿಸಲಿ, ಎಂಬುದಷ್ಟೇ.

ಈ ಕ್ರಮ ನಮ್ಮ ನಾಡಿನ ಮಕ್ಕಳಿಗೆ ಎಷ್ಟು ಅಗತ್ಯವೆಂಬುದನ್ನು ಬಲ್ಲವರು ಬಲ್ಲರು. ಹತ್ತು ವರ್ಷ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಭಾಷೆ ಇಂಗ್ಲಿಷಾಗುತ್ತದೆ. ಅದೇ ವರ್ಷ ಕಲನಶಾಸ್ತ್ರವೂ ಎದುರಾಗುತ್ತದೆ. ಅರಿಯದ ಭಾಷೆಯಲ್ಲಿ ಅರಿಯದ ಚಿಹ್ನೆಗಳನ್ನು ಕಂಡು, ತನಗೆ ಗಣಿತ ಬಾರದು ಎಂದು ಅವಳು ತೀರ್ಮಾನಿಸಿಕೊಂಡರೆ ಅದು ಅವಳ ಬುದ್ಧಿಯ ಕೊರತೆಯಲ್ಲ. ಗ್ರಾಫ್ ಹಾಳೆಗೆ ಮಾಧ್ಯಮದ ಜಗಳವಿಲ್ಲ. ಚೌಕದ ಎರಡು ಪಟ್ಟಿಗಳನ್ನು ಕನ್ನಡದಲ್ಲಿಯೂ ಎಣಿಸಬಹುದು, ಇಂಗ್ಲಿಷಿನಲ್ಲಿಯೂ ಎಣಿಸಬಹುದು. ಕಂಡದ್ದಕ್ಕೆ ಹೆಸರು ಕಲಿಯುವುದು ಸುಲಭ. ಕಾಣದ್ದರ ಹೆಸರನ್ನು ಉರು ಹೊಡೆಯುವುದು ಹೊರೆ.

ತಾಯ್ನುಡಿಯಲ್ಲಿ ಗಣಿತವನ್ನು ಬಿಡಿಸಿ ಹೇಳುವ ಪರಂಪರೆ ದಕ್ಷಿಣದಲ್ಲಿ ಇಲ್ಲದಿರಲಿಲ್ಲ. ಸುಮಾರು 1530ರಲ್ಲಿ ಕೇರಳದ ಜ್ಯೇಷ್ಠದೇವನು ‘ಯುಕ್ತಿಭಾಷಾ’ ಎಂಬ ಗ್ರಂಥವನ್ನು ಮಲಯಾಳದ ಗದ್ಯದಲ್ಲಿಯೇ ಬರೆದು, ಮಾಧವನ ಪರಂಪರೆಯವರು ವೃತ್ತದ ಪರಿಧಿಗಾಗಿ ಕಂಡುಕೊಂಡ ಅನಂತ ಶ್ರೇಢಿಗಳಿಗೆ ಕಾರಣಗಳನ್ನು ಹಂತಹಂತವಾಗಿ ವಿವರಿಸಿದ. ನಮ್ಮಲ್ಲಿಯೂ 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲಿ ಬರೆದ. ಹಳಗನ್ನಡದ ಚರಿತ್ರೆಯಲ್ಲಿ ಅವನ ಹೆಸರನ್ನು ನಾವು ಪರೀಕ್ಷೆಗಾಗಿ ಓದಿ ಮುಂದೆ ಸಾಗುತ್ತೇವೆ. ಅವನು ಹಿಡಿದ ಕೆಲಸ ಇನ್ನೂ ಮುಗಿದಿಲ್ಲ. ಇಂದಿನ ಕಲನಶಾಸ್ತ್ರವನ್ನು ಗೆರೆಗಳಲ್ಲಿ ಬರೆದು ಕನ್ನಡದಲ್ಲಿ ವಿವರಿಸುವ ಪುಸ್ತಕಗಳು, ಗಣಿತದ ಮೇಷ್ಟರೂ ಕನ್ನಡದ ಮೇಷ್ಟರೂ ಒಟ್ಟಿಗೆ ಕುಳಿತರೆ ಆಗುವಂಥವು.

ಅದಕ್ಕೆ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಒಂದು ಗ್ರಾಫ್ ಹಾಳೆಯನ್ನು ತಂದುಕೊಡಿ. ಪತ್ರಿಕೆಯಲ್ಲಿ ಬರುವ ಜಲಾಶಯದ ಅಂಕಿಗಳನ್ನು ಏಳು ದಿನ ಗುರುತಿಸಲಿ. ಒಂದು ಹಾಳೆಯಲ್ಲಿ ಸಂಗ್ರಹ, ಅದರ ಕೆಳಗೆ ಇನ್ನೊಂದರಲ್ಲಿ ಒಳಹರಿವಿನಲ್ಲಿ ಹೊರಹರಿವನ್ನು ಕಳೆದ ಉಳಿಕೆ. ಎಂಟನೆಯ ದಿನ ಮೇಲಿನ ಗೆರೆಯ ಏರನ್ನೂ ಕೆಳಗಿನ ಗೆರೆಯ ಎತ್ತರವನ್ನೂ ಹೋಲಿಸಿ ನೋಡಲಿ. ಹಬೆಯಾಗಿ ಹೋದ ನೀರು, ಅಳತೆಯ ಹೆಚ್ಚುಕಡಿಮೆ ಇವುಗಳಿಂದ ಸಣ್ಣಪುಟ್ಟ ವ್ಯತ್ಯಾಸ ಬಂದೀತು. ಅದೇಕೆಂದು ಮಕ್ಕಳು ಕೇಳಿದರೆ ಪಾಠ ಆಗಲೇ ಮೊದಲಾಯಿತೆಂದು ತಿಳಿಯಬಹುದು.